ಪೆಟ್ಟಿಗೆಯೊಳಗಿನ ರಾಯರು

ಈ ವರ್ಷ ಜನವರಿ 4ರ ಭಾನುವಾರ ಪೂಜೆಗೆ ಹೋದಾಗ ನಮ್ಮ ಚರ್ಚಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಹಾಗೆ ಗೊಂಬೆ ಇಟ್ಟು ಮಾಡುವ ಕ್ರಿಸ್ಮಸ್ ಅಲಂಕಾರ, ಇರಲಿಲ್ಲ. ಬಲಗಡೆಯ ಮೂಲೆ ಖಾಲಿ. ನೆಲದಲ್ಲಿ ಒಂದಿಷ್ಟು ಒಣಹುಲ್ಲು, ಥರ್ಮೋಕೋಲಿನ ಬಿಳಿ ಪುಡಿ, ಗೋಡೆಯ ಮೇಲೆ ಟೇಪು ಕಿತ್ತ ಗುರುತು. ಹಿಂದಿನ ದಿನ ಮದುವೆ ಇತ್ತಂತೆ. ಹೂವಿನ ಅಲಂಕಾರದವರು ಆ ಜಾಗ ಬೇಕು ಅಂದರಂತೆ. ಹುಡುಗರು ಅರ್ಧ ಗಂಟೆಯಲ್ಲಿ ಎಲ್ಲ ಬಿಚ್ಚಿ ಎತ್ತಿಟ್ಟರಂತೆ. ಅವರದ್ದೂ ತಪ್ಪಿಲ್ಲ ಬಿಡಿ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ನಮ್ಮಲ್ಲಿ ಮದುವೆ ಮಾಡುವುದಿಲ್ಲ, ಆಮೇಲೆ ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬಂದರೆ ಮತ್ತೆ ಇಲ್ಲ, ಹಾಗಾಗಿ ಎಲ್ಲರೂ ಈ ಸಂದಿಯಲ್ಲೇ ತೂರಿಕೊಳ್ಳಬೇಕು. ಜನವರಿಯಲ್ಲಿ ಹಾಲ್ ಸಿಕ್ಕಿದರೆ ಪುಣ್ಯ.

ಆದರೆ ಆ ಭಾನುವಾರ ಯಾವುದು ಅಂತ ಗೊತ್ತಲ್ವಾ? ಮೂರು ರಾಯರ ಹಬ್ಬ. ಫಾದರ್ ಇಪ್ಪತ್ತು ನಿಮಿಷ ನಕ್ಷತ್ರದ ಬಗ್ಗೆ ಪ್ರಸಂಗ ಮಾಡಿದರು. ಮಗು ಯೇಸುವನ್ನು ನೋಡಲು ಮೂಡಣ ದೇಶದ ಜೋಯಿಸರು, ಅವರೇ ಈ ರಾಯರು, ಎಷ್ಟು ದೂರದಿಂದ ಬಂದರು, ಏನೇನು ತಂದರು, ಹೇಗೆ ಅಡ್ಡಬಿದ್ದರು, ಎಲ್ಲ ಹೇಳಿದರು. ನಾನು ಖಾಲಿ ಮೂಲೆಯನ್ನೇ ನೋಡುತ್ತಾ ಕೂತಿದ್ದೆ. ಪೂಜೆ ಮುಗಿದ ಮೇಲೆ ಹಿಂದಿನ ಓಣಿಯಲ್ಲಿ ಚಪ್ಪಲಿ ಹುಡುಕುವಾಗ ಕಂಡಿತು, ಸೇಬಿನ ರಟ್ಟಿನ ಪೆಟ್ಟಿಗೆ. ಮೇಲೆ ಹಳೇ ಪೇಪರ್ ಮುಚ್ಚಿತ್ತು. ಪೇಪರಿನ ಸಂದಿಯಿಂದ ಒಂದು ಒಂಟೆಯ ಕತ್ತು, ಪಕ್ಕದಲ್ಲಿ ಕಿರೀಟದ ತುದಿ.

ತಮ್ಮ ಹಬ್ಬದ ದಿನವೇ ರಾಯರು ಪೆಟ್ಟಿಗೆಯಲ್ಲಿ ಮಲಗಿದ್ದರು. ಅವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಾ ಇದೆ. ಇಷ್ಟಕ್ಕೆಲ್ಲ ಇಷ್ಟು ಯೋಚನೆ ಯಾಕೆ ಅಂತ ಗಂಡ ಕೇಳಿದ. ಯಾಕೆ ಅಂತ ಹೇಳಲು ಒಂದು ಸಂಜೆಯಲ್ಲಿ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ರಾಯರು?

ಬೆಂಗಳೂರಿಗೆ ಬಂದ ಹೊಸತರಲ್ಲಿ ಆಫೀಸಿನಲ್ಲಿ ಒಮ್ಮೆ "ನಾಳೆ ಸ್ವಲ್ಪ ಲೇಟಾಗಿ ಬರ್ತೀನಿ, ನಮ್ಮ ರಾಯರ ಹಬ್ಬ" ಅಂದಿದ್ದೆ. ಪಕ್ಕದ ಟೇಬಲ್ಲಿನವರು ಕಣ್ಣರಳಿಸಿ, "ನೀವೂ ರಾಯರ ಮಠಕ್ಕೆ ಹೋಗ್ತೀರಾ?" ಅಂತ ಕೇಳಿದರು. ಪಾಪ, ಗುರುವಾರ ಬೇರೆ. ಮಂತ್ರಾಲಯದ ರಾಯರಲ್ಲ, ಬೆತ್ಲೆಹೇಮಿಗೆ ಹೋದ ರಾಯರು ಅಂತ ಬಿಡಿಸಿ ಹೇಳುವಷ್ಟರಲ್ಲಿ ಮೀಟಿಂಗ್ ಶುರುವಾಯಿತು. ನಮ್ಮ ಮನೆಮಾತು ಕೊಂಕಣಿಯಲ್ಲಿ ಅದು ರಾಯಾಂಚೆಂ ಫೆಸ್ತ್. ಅದನ್ನೇ ಕನ್ನಡಕ್ಕೆ ಎಳೆದು ತಂದರೆ ಹೀಗೇ ಆಗುವುದು.

ಅಸಲಿಗೆ ಮತ್ತಾಯನ ಸುವಾರ್ತೆಯಲ್ಲಿ ಅವರು ರಾಯರೂ ಅಲ್ಲ, ಮೂವರು ಅಂತಲೂ ಇಲ್ಲ. ಜೋಯಿಸರು ಬಂದರು ಅಂತ ಮಾತ್ರ ಇದೆ. ಚಿನ್ನ, ಧೂಪ, ರಕ್ತಬೋಳ ಅಂತ ಮೂರು ಕಾಣಿಕೆ ಇದ್ದುದರಿಂದ ತಂದವರೂ ಮೂವರೇ ಇರಬೇಕು ಅಂತ ಜನ ಲೆಕ್ಕ ಹಾಕಿದರು. ರಾಜರುಗಳು ಕಾಣಿಕೆ ತರುತ್ತಾರೆ ಅನ್ನುವ ಹಳೆಯ ಕೀರ್ತನೆಯ ಮಾತು ಇವರಿಗೆ ಕಿರೀಟ ತೊಡಿಸಿತು. ಆಮೇಲೆ ಹೆಸರು ಬಂತು: ಗಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್. ನಮ್ಮ ಕಡೆ ಬಾಲ್ತಜಾರ್‌ಗಳು ಬೇಕಾದಷ್ಟು ಸಿಗುತ್ತಾರೆ, ಗಾಸ್ಪರ್‌ಗಳೂ ಇದ್ದಾರೆ, ಮೆಲ್ಕಿಯೋರ್ ಒಬ್ಬನನ್ನೂ ನಾನು ಕಂಡಿಲ್ಲ. ಅವನಿಗೇನು ಕಡಿಮೆಯಾಗಿತ್ತೋ ಗೊತ್ತಿಲ್ಲ.

ಇನ್ನೊಂದು ವಿಷಯ. ಅವರು ಕೊಟ್ಟಿಗೆಗೆ ಬಂದರು ಅಂತಲೂ ಮತ್ತಾಯ ಹೇಳುವುದಿಲ್ಲ. ಮನೆಯೊಳಗೆ ಹೋಗಿ ಮಗುವನ್ನು ನೋಡಿದರು ಅನ್ನುತ್ತಾನೆ. ಅರಸ ಹೆರೋದ ಮಾತ್ರ ಅವರಿಂದ ಕಾಲ ತಿಳಿದುಕೊಂಡು, ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ. ಅಂದರೆ ಇವರು ಬಂದು ಮುಟ್ಟುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿತ್ತೋ ಏನೋ. ಕುರುಬರು ಆ ರಾತ್ರಿಯೇ ಓಡಿ ಬಂದವರು, ಪಕ್ಕದ ಹೊಲದವರು. ಇವರು ಪರದೇಶದವರು, ಪರಭಾಷೆಯವರು, ತಡವಾಗಿ ಬಂದವರು. ದಾರಿ ತಪ್ಪಿ ಅರಮನೆಗೆ ಹೋಗಿ ವಿಳಾಸ ಕೇಳಿದವರು ಬೇರೆ. ಅವರ ಆ ಒಂದು ಪ್ರಶ್ನೆಯಿಂದ ಊರಿಗೆ ಎಂಥಾ ಗತಿ ಬಂತು ಅನ್ನುವುದನ್ನು ನಾವು ನಾಟಕ ಮಾಡಿಸುವಾಗ ಹಾರಿಸಿಬಿಡುತ್ತೇವೆ. ಮಕ್ಕಳ ನಾಟಕ, ಇರಲಿ.

ಮೂಡಣದ ಕಿಟಕಿ

ನಾನು ಬೆಳೆದದ್ದು ಬೆಳ್ತಂಗಡಿ ತಾಲೂಕಿನ ಒಂದು ಮೂಲೆಯಲ್ಲಿ. ಅಡಿಕೆ ತೋಟ, ಒಂದು ತೋಡು, ಅಂದರೆ ಸಣ್ಣ ಹಳ್ಳ, ತೋಡಿನ ಆಚೆ ಗುಡ್ಡ. ಡಿಸೆಂಬರ್ ಎರಡನೇ ವಾರ ಅಜ್ಜಿ ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿಸಿ ರಾಗಿ ಬಿತ್ತಿಸುತ್ತಿದ್ದರು. ಕ್ರಿಸ್ಮಸ್ಸಿಗೆ ಸರಿಯಾಗಿ ಬೆರಳುದ್ದ ಹಸಿರು. ಬಾವಿಕಟ್ಟೆಯಿಂದ ಪಾಚಿ ಕೆರೆದು ತರುವುದು ಅಣ್ಣನ ಕೆಲಸ, ಒಡೆದ ಕನ್ನಡಿಯ ಚೂರು ಇಟ್ಟು ಕೆರೆ ಮಾಡುವುದು ನನ್ನದು. ಗೋದಲಿಯ ಗೊಂಬೆಗಳು ಅಜ್ಜ ಮಂಗಳೂರಿನಿಂದ ತಂದ ಮಣ್ಣಿನವು. ಕುರುಬನ ಮೂಗು ಹೋಗಿತ್ತು, ದನದ ಒಂದು ಕೊಂಬು ಇರಲಿಲ್ಲ. ಮೂರನೇ ರಾಯನ ಕೈ ಮುರಿದು ಕಾಣಿಕೆಯ ಡಬ್ಬಿಯೇ ಬಿದ್ದುಹೋಗಿತ್ತು. ಅಜ್ಜಿ ಅಲ್ಲಿ ಮೇಣ ಹಚ್ಚಿ ಒಂದು ಲವಂಗ ಅಂಟಿಸಿದ್ದರು. ಅದೇ ರಕ್ತಬೋಳ. ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ, ಊತಕ್ಕೆ ತೇಯ್ದು ಹಚ್ಚುವುದು, ಅದನ್ನೇ ಇವನು ಮಗುವಿಗೆ ತಂದ ಅಂತ ಅಜ್ಜಿಯ ನಂಬಿಕೆ. ಬಾಳಂತಿ ಮನೆಗೆ ಮದ್ದು ತಂದವನು ಇವನೊಬ್ಬನೇ ಬುದ್ಧಿವಂತ, ಉಳಿದವರಿಬ್ಬರೂ ಗಂಡಸರ ಬುದ್ಧಿ ತೋರಿಸಿದರು ಅನ್ನುತ್ತಿದ್ದರು. ಇವನ ಬಣ್ಣ ಕಪ್ಪು. ಯಾಕೆ ಕಪ್ಪು ಅಂತ ಕೇಳಿದರೆ, ನಮ್ಮ ಹಾಗೆ ಬಿಸಿಲಲ್ಲಿ ದುಡಿದವನು, ಅಂತ ಉತ್ತರ.

ಕ್ರಿಸ್ಮಸ್ ದಿನ ಗೋದಲಿಯಲ್ಲಿ ಈ ಮೂವರು ಇರುತ್ತಿರಲಿಲ್ಲ. ಅವರು ಚಾವಡಿಯ ಮೂಡಣದ ಕಿಟಕಿಯಲ್ಲಿ ಇರುತ್ತಿದ್ದರು. ಗೋದಲಿ ಪಡುವಣ ಗೋಡೆಯ ಹತ್ತಿರ. ನಡುವೆ ಹೊಲಿಗೆ ಮೆಷಿನ್, ಅಕ್ಕಿಯ ಪೆಟ್ಟಿಗೆ, ರೇಡಿಯೋ ಇಟ್ಟ ಸ್ಟೂಲು, ಆಮೇಲೆ ಒಂದು ಉದ್ದ ಬೆಂಚು. ದಿನಾ ಸಂಜೆ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದು, ದೊಡ್ಡವರಿಂದ ಬೆಸಾಂವ್, ಅಂದರೆ ಆಶೀರ್ವಾದ, ತೆಗೆದುಕೊಂಡ ಮೇಲೆ, ಒಬ್ಬೊಬ್ಬರು ಸರದಿಯಲ್ಲಿ ರಾಯರನ್ನು ಒಂದು ಗೇಣು ಮುಂದೆ ಇಡಬೇಕು. ಹನ್ನೆರಡು ದಿನದ ಪ್ರಯಾಣ. ಹೊಸ ವರ್ಷದ ದಿನ ಅವರು ಅಕ್ಕಿ ಪೆಟ್ಟಿಗೆಯ ಮೇಲಿರುತ್ತಿದ್ದರು, ಅವತ್ತು ಅಕ್ಕಿ ತೆಗೆಯುವವರು ಒಂದು ನಿಮಿಷ ಅವರನ್ನು ಎತ್ತಿ ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಒಂಟೆಗಾಗಿ ನಮ್ಮಲ್ಲಿ ಜಗಳ. ರಾಯರನ್ನು ಯಾರು ಬೇಕಾದರೂ ಇಡಲಿ, ಒಂಟೆ ನನಗೆ ಬೇಕು. ಒಂದು ವರ್ಷ ಅಣ್ಣ ತಾಳ್ಮೆಗೆಟ್ಟು ಮಧ್ಯಾಹ್ನ ಯಾರೂ ಇಲ್ಲದಾಗ ಸೀದಾ ರೇಡಿಯೋ ಹತ್ತಿರ ತಂದಿಟ್ಟಿದ್ದ. ಅಜ್ಜಿ ಒಂದು ಮಾತಾಡದೆ ಅವರನ್ನು ವಾಪಸು ಹೊಲಿಗೆ ಮೆಷಿನ್ ಮೇಲೆ ಇಟ್ಟು, "ಅಷ್ಟು ಓಡಿಸಿದರೆ ಒಂಟೆ ಸಾಯ್ತದೆ" ಅಂದರು.

6ನೇ ತಾರೀಕು ಅವರು ಮುಟ್ಟುತ್ತಿದ್ದರು. ಅವತ್ತು ಒಂದು ಬೋರ್ನ್‌ವಿಟಾ ಡಬ್ಬ ಹೊರಗೆ ಬರುತ್ತಿತ್ತು. ಕ್ರಿಸ್ಮಸ್ಸಿನ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಎಲ್ಲ ಅಷ್ಟರಲ್ಲಿ ಮುಗಿದು, ನೆವ್ರಿಯ ವಾಸನೆಯೂ ಉಳಿದಿರುತ್ತಿರಲಿಲ್ಲ. ಆದರೆ ಅಜ್ಜಿ ಅಟ್ಟದ ಎಲ್ಲೋ ಒಂದು ಕಡೆ ಒಂದು ಡಬ್ಬ ಕಿಡಿಯೊ ಅಡಗಿಸಿ ಇಟ್ಟಿರುತ್ತಿದ್ದರು. ಸಕ್ಕರೆ ಪಾಕ ಹಿಡಿದು ಒಂದಕ್ಕೊಂದು ಅಂಟಿ ಗಟ್ಟಿಯಾಗಿರುತ್ತಿತ್ತು, ಕಡಿದರೆ ಹಲ್ಲು ನೋವು. ಅದೇ ರುಚಿ ನನಗೆ ಈಗಲೂ ಈ ಹಬ್ಬದ ರುಚಿ. ಮರುದಿನ ಗೋದಲಿ ಬಿಚ್ಚುವುದು. ಅಷ್ಟು ಹೊತ್ತಿಗೆ ರಾಗಿ ಉದ್ದಕ್ಕೆ ಬೆಳೆದು ಹಳದಿಯಾಗಿ ಒಂದು ಕಡೆ ವಾಲಿರುತ್ತಿತ್ತು. ಅದು ದನಕ್ಕೆ. ನಿಜವಾದ ದನಕ್ಕೆ.

ಆ ವರ್ಷದ ಕ್ರಿಸ್ಮಸ್ ಫ್ರಾಕನ್ನು ಹಾಕಲು ನನಗೆ ಮೂರೇ ಅವಕಾಶ: ಕ್ರಿಸ್ಮಸ್, ಹೊಸ ವರ್ಷ, ರಾಯರ ಹಬ್ಬ. ಆಮೇಲೆ ಅದು ಮದುವೆಗಳಿಗೆ ಎತ್ತಿಡುವ ಬಟ್ಟೆ. ಈ ಫ್ರಾಕಿನ ವಿಷಯ ಸುಮ್ನೆ ಹೇಳಲಿಲ್ಲ, ಮುಂದೆ ಬರುತ್ತದೆ.

ಬಾಳೆದಿಂಡಿನ ರಾತ್ರಿ

ತೋಡಿನ ಆಚೆ ಗುಡ್ಡದಲ್ಲಿ ಒಂದು ಮಲಯಾಳಿ ಕುಟುಂಬ ಇತ್ತು. ಕೇರಳದ ಪಾಲಾ ಕಡೆಯಿಂದ ಬಂದವರು. ಕಾಡಿನಂತಿದ್ದ ಜಾಗ ತೆಗೆದುಕೊಂಡು ರಬ್ಬರ್ ಹಾಕಿದ್ದರು, ಕಪ್ಪ, ಅಂದರೆ ಮರಗೆಣಸು, ಹಾಕಿದ್ದರು. ನಮ್ಮ ತಾಲೂಕಿಗೆ ಇವರ ಹಾಗೆ ಬಂದವರು ಎಷ್ಟೋ ಜನ. ಅವರೂ ಕೆಥೊಲಿಕರೇ, ಆದರೆ ಸೀರೋ ಮಲಬಾರ್, ಅಂದರೆ ಕೇರಳದ ಸುರಿಯಾನಿ ಪದ್ಧತಿಯವರು. ಅವರ ಚರ್ಚು, ಅವರ ಮಾತಲ್ಲಿ ಪಳ್ಳಿ, ದೂರ ಇತ್ತು, ಭಾನುವಾರ ಬಸ್ಸು ಸಿಗುತ್ತಿರಲಿಲ್ಲ, ಹಾಗಾಗಿ ಹೆಚ್ಚಿನ ಭಾನುವಾರ ನಮ್ಮ ಚರ್ಚಿಗೇ, ನಮ್ಮ ಮಾತಲ್ಲಿ ಇಗರ್ಜಿಗೇ, ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಆ ಮನೆಯ ಅಮ್ಮಚ್ಚಿ ಚಟ್ಟ ಅನ್ನುವ ಬಿಳಿ ರವಿಕೆ, ಬಿಳಿ ಮುಂಡು, ಹಿಂದೆ ಬೀಸಣಿಗೆಯ ಹಾಗೆ ನೆರಿಗೆ, ಕಿವಿಯ ಮೇಲ್ತುದಿಯಲ್ಲಿ ದೊಡ್ಡ ಬಳೆ. ಕೊಂಕಣಿಯ ಕೀರ್ತನೆ ಅರ್ಥವಾಗದಿದ್ದರೂ ತುಟಿ ಆಡಿಸುತ್ತಿದ್ದರು.

ನಮ್ಮವರಿಗೆ ಅವರ ಬಗ್ಗೆ ಸ್ವಲ್ಪ ಬಿಗುಮಾನ ಇತ್ತು, ಸುಳ್ಳು ಯಾಕೆ ಹೇಳಲಿ. ಎಲ್ಲಿಂದಲೋ ಬಂದವರು, ಗುಡ್ಡ ಕಡಿದವರು, ಜಾಸ್ತಿ ದುಡಿಯುವವರು. ಕೊನೆಯದ್ದು ನಿಜವಾದ ಕೋಪ ಅಂತ ಈಗ ಅನಿಸುತ್ತದೆ. ನಾವೇ ಗೋವಾ ಬಿಟ್ಟು ಕೆಲವು ನೂರು ವರ್ಷಗಳ ಹಿಂದೆ ಮಡಕೆ ಕುಡಿಕೆ ಹೊತ್ತುಕೊಂಡು ಈ ಕಡೆ ಬಂದವರು ಅನ್ನುವುದು ಆಗ ಯಾರಿಗೂ ನೆನಪಾಗುತ್ತಿರಲಿಲ್ಲ.

1990ರ ಆಸುಪಾಸು, ನಾನು ಮೂರನೇ ಕ್ಲಾಸು. ಜನವರಿ 5ರ ಸಂಜೆ ಅವರ ಮನೆಗೆ ಕರೆ ಬಂತು. ಕರೆಯಲು ಅಮ್ಮಚ್ಚಿಯೇ ಬಂದಿದ್ದರು, ತೋಡು ದಾಟಿ. ಅಜ್ಜಿ ಹೋಗುವುದೋ ಬೇಡವೋ ಅಂತ ಸ್ವಲ್ಪ ಹೊತ್ತು ನೋಡಿ, ಕೊನೆಗೆ ನನ್ನ ಕೈ ಹಿಡಿದುಕೊಂಡು ಹೊರಟರು. ನಾನು ಹಟ ಮಾಡಿ ಕ್ರಿಸ್ಮಸ್ ಫ್ರಾಕ್ ಹಾಕಿಕೊಂಡಿದ್ದೆ, ಒಂದು ದಿನ ಮುಂಚೆಯೇ. ಮುಂದೆ ಪಪ್ಪ ಬೆಳಕಿಗೆ ತೆಂಗಿನ ಗರಿಯ ಸೂಟೆ ಬೀಸುತ್ತಾ, ಹಿಂದೆ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಅಣ್ಣು. ಗುಡ್ಡ ಹತ್ತುವಾಗಲೇ ರಬ್ಬರ್ ಶೀಟಿನ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯದು.

ಅಂಗಳದಲ್ಲಿ ಅಡಿಕೆ ಒಣ ಹಾಕಿದ್ದರು. ಅದನ್ನು ಒಂದು ಕಡೆ ಬಳಿದು ನಡುವೆ ಜಾಗ ಮಾಡಿ ಅಲ್ಲೊಂದು ಬಾಳೆದಿಂಡು ನೆಟ್ಟಿದ್ದರು. ಗೊನೆ ಕಡಿದ ಬಾಳೆ, ಹೊರಗಿನ ಹಳೇ ಪದರ ಸುಲಿದು ಬೆಳ್ಳಗೆ ಮಾಡಿದ್ದು, ನನ್ನ ಎರಡರಷ್ಟು ಎತ್ತರ. ಸುತ್ತ ತೆಂಗಿನ ಎಳೆಗರಿಯ ತೋರಣ. ಬಿದಿರಿನ ಕಡ್ಡಿಗಳನ್ನು ದಿಂಡಿಗೆ ಚುಚ್ಚಿ, ಅವುಗಳ ಮೇಲೆ ಸಾಲು ಸಾಲಾಗಿ ಹಣತೆ. ಅಮ್ಮಚ್ಚಿ ನನ್ನ ಕೈಗೊಂದು ಎಣ್ಣೆಬತ್ತಿ ಕೊಟ್ಟು ಕೆಳಗಿನ ಸಾಲು ನೀನು ಹಚ್ಚು ಅಂದರು. ಹಚ್ಚುವಾಗ ಗಾಳಿ ಬಂದು ಎರಡು ಆರಿದವು, ಮತ್ತೆ ಹಚ್ಚಿದೆ. ಎಲ್ಲ ಹೊತ್ತಿಕೊಂಡ ಮೇಲೆ ಆ ಮನೆಯವರು ದಿಂಡಿನ ಸುತ್ತ ಸುತ್ತು ಬಂದರು. "ಎಲ್ ಪಯ್ಯಾ, ಎಲ್ ಪಯ್ಯಾ" ಅಂತ ಕೂಗುತ್ತಾ. ಸುರಿಯಾನಿ ಮಾತು, ದೇವರು ಬೆಳಕು ಅಂತ ಅರ್ಥ ಅಂತ ಆ ಮನೆಯ ಚೇಟ್ಟನ್ ಹೇಳಿದರು. ಮಕ್ಕಳಿಗೆ ಅರ್ಥ ಯಾಕೆ ಬೇಕು? ನಾನೂ ಕೂಗುತ್ತಾ ಸುತ್ತಿದೆ.

ಅಣ್ಣು ಅಂಗಳದ ಅಂಚಿನಲ್ಲಿ ನಿಂತು ನೋಡುತ್ತಿದ್ದವನು ಪಪ್ಪನ ಹತ್ತಿರ ತುಳುವಿನಲ್ಲಿ, "ಉಂದು ನಮ್ಮ ಬಲೀಂದ್ರೆನೇ ಅತ್ತಾ?" ಅಂದ. ದೀಪಾವಳಿಗೆ ನಮ್ಮ ಕಡೆ ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು, ದೀಪ ಇಟ್ಟು, ಬಲಿಯೇಂದ್ರನನ್ನು ಕೂ ಹಾಕಿ ಕರೆಯುತ್ತಾರಲ್ಲ, ಅದು. ಪಪ್ಪ ನಕ್ಕರು. ಅಣ್ಣುವಿಗೆ ಆ ಮನೆಯಲ್ಲಿ ಎಲ್ಲರಿಗಿಂತ ಬೇಗ ಎಲ್ಲ ಅರ್ಥವಾಗಿತ್ತು.

ಅಜ್ಜಿಗೆ ಮಾತ್ರ ಒಂದು ಸಂಶಯ. ಜಗಲಿಯಲ್ಲಿ ಕೂತು ಅಮ್ಮಚ್ಚಿಯನ್ನು ಕೇಳಿಯೇಬಿಟ್ಟರು.

"ಎಲ್ಲ ಚಂದ ಉಂಟು. ರಾಯರು ಎಲ್ಲಿ?"

ಅಮ್ಮಚ್ಚಿಗೆ ಅರ್ಥವಾಗಲಿಲ್ಲ. ಚೇಟ್ಟನ್ ಬಿಡಿಸಿ ಹೇಳಿದ ಮೇಲೆ, ತಲೆಯಲ್ಲಾಡಿಸಿ ತಮ್ಮ ಹರಕು ಕನ್ನಡದಲ್ಲಿ ಅಂದರು, "ರಾಯರು ಇಲ್ಲ. ಇವತ್ತು ಕರ್ತಾವ್ ಸ್ನಾನ. ಜೋರ್ದಾನ್."

"ಯಾರ ಸ್ನಾನ?"

"ಯೇಸುವಿಂದು."

ಅಜ್ಜಿ ನನ್ನ ಮುಖ ನೋಡಿದರು, ನಾನು ಅಜ್ಜಿಯ ಮುಖ ನೋಡಿದೆ. ನಮ್ಮ ಮನೆಯಲ್ಲಿ ಯೇಸು ಇನ್ನೂ ಹುಲ್ಲಿನ ಮೇಲೆ ಮಲಗಿದ್ದ ಹನ್ನೆರಡು ದಿನದ ಕೂಸು. ರಾಯರು ಬೆಂಚಿನ ತುದಿಯಲ್ಲಿದ್ದರು, ಇನ್ನೊಂದೇ ಗೇಣು. ಇಲ್ಲಿ ನೋಡಿದರೆ ತೋಡಿನ ಆಚೆ ಅವನು ಆಗಲೇ ಮೂವತ್ತು ವರ್ಷದ ಗಂಡಸಾಗಿ ನದಿಗೆ ಇಳಿದಿದ್ದ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಣಂತಿ ಸ್ನಾನವೂ ಆಗಿಲ್ಲ, ಇವರು ನದಿಗೆ ಇಳಿಸಿದರು, ಅಂತ ಕೊಂಕಣಿಯಲ್ಲಿ ನನ್ನ ಕಿವಿಯಲ್ಲಿ ಅಂದರು. ಆಮೇಲೆ ಪಿಡಿ ಮತ್ತು ಕೋಳಿ ಸಾರು ಬಂತು. ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳು, ತೆಂಗಿನ ಹಾಲು. ಅಜ್ಜಿ ಎರಡು ಸಲ ಹಾಕಿಸಿಕೊಂಡರು. ಮನೆಗೆ ಬಂದು ನೋಡಿದರೆ ನನ್ನ ಫ್ರಾಕಿನ ಮುಂದೆ ಅಂಗೈ ಅಗಲದ ಬಾಳೆ ಕಲೆ. ಸುತ್ತುವಾಗ ದಿಂಡಿಗೆ ಉಜ್ಜಿಹೋಗಿತ್ತು. ಲಿಂಬೆಹುಳಿ ಹಚ್ಚಿದರು, ಸೀಮೆಎಣ್ಣೆ ಹಚ್ಚಿದರು. ಬಾಳೆ ಕಲೆ ಹೋಗುತ್ತದಾ? ಆ ಫ್ರಾಕ್ ಮತ್ತೆ ಯಾವ ಮದುವೆಗೂ ಹೋಗಲಿಲ್ಲ.

ಅಮ್ಮಚ್ಚಿ ಹೇಳಿದ್ದು ತಪ್ಪಲ್ಲ ಅಂತ ಗೊತ್ತಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಸುರಿಯಾನಿ ಸಂಪ್ರದಾಯದಲ್ಲಿ ಈ ಹಬ್ಬಕ್ಕೆ ದನಹಾ ಅನ್ನುತ್ತಾರೆ, ಉದಯ ಅಂತ ಅರ್ಥ. ಕೇರಳದ ಕೆಲವು ಕಡೆ ಇದು ಪಿಂಡಿ ಕುತ್ತಿ ಪೆರುನ್ನಾಳ್, ಅಂದರೆ ದಿಂಡು ನೆಡುವ ಹಬ್ಬ. ಇರಿಂಞಾಲಕುಡದಲ್ಲಂತೂ ಬೀದಿಬೀದಿಯಲ್ಲಿ ದಿಂಡು. ಇನ್ನು ಕೆಲವು ಕಡೆ ರಾಕ್ಕುಳಿ ಪೆರುನ್ನಾಳ್, ರಾತ್ರಿ ಸ್ನಾನದ ಹಬ್ಬ, ಹಿಂದೆ ಜನ ರಾತ್ರಿ ಹೊಳೆಗೆ ಇಳಿದು ಮುಳುಗುತ್ತಿದ್ದರು. ಪೂರ್ವದ ಚರ್ಚುಗಳಿಗೆ ಜನವರಿ 6 ಅಂದರೆ ಮೊದಲಿನಿಂದಲೂ ದೀಕ್ಷಾಸ್ನಾನ. ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಸುಮಾರು 200ನೇ ಇಸವಿಯಲ್ಲಿ ಬರೆಯುವಾಗಲೇ ಅಲ್ಲಿ ಒಂದು ಪಂಗಡದವರು ಯೇಸುವಿನ ದೀಕ್ಷಾಸ್ನಾನದ ದಿನವನ್ನು ರಾತ್ರಿಯಿಡೀ ಎದ್ದು ಆಚರಿಸುತ್ತಿದ್ದರು. ಡಿಸೆಂಬರ್ 25ರ ಹಬ್ಬಕ್ಕಿಂತ ಇದರ ಬೇರು ಹಳೆಯದು. ಅರ್ಮೇನಿಯಾದವರು ಇವತ್ತಿಗೂ ಹುಟ್ಟು, ಸ್ನಾನ ಎರಡನ್ನೂ ಒಟ್ಟಿಗೆ ಜನವರಿ 6ಕ್ಕೇ ಮಾಡುತ್ತಾರೆ. ಅವರ ಲೆಕ್ಕದಲ್ಲಿ ಅಜ್ಜಿ, ಅಮ್ಮಚ್ಚಿ ಇಬ್ಬರೂ ಸರಿ. ಪಶ್ಚಿಮದ ಕಡೆ ರಾಯರು ಬಂದು ಆ ದಿನದ ತುಂಬ ಕೂತರು. 1164ರಲ್ಲಿ ಅವರ ಅಸ್ಥಿ ಅಂತ ನಂಬಿದ್ದನ್ನು ಮಿಲಾನಿನಿಂದ ಜರ್ಮನಿಯ ಕೊಲೋನ್‌ಗೆ ಒಯ್ದಿಟ್ಟ ಮೇಲಂತೂ ಕೇಳುವುದೇ ಬೇಡ. ನಮ್ಮ ಅಜ್ಜಿಯ ಮೂವರು ಆ ದಾರಿಯಲ್ಲೇ, ಪೋರ್ಚುಗೀಸರ ಹಡಗು ಹತ್ತಿ, ಗೋವಾಕ್ಕೆ ಇಳಿದು ಬಂದವರು. ಪಣಜಿಯ ಎದುರು ಮಾಂಡೋವಿಯ ಆಚೆ ದಡದ ರೇಯಿಸ್ ಮಾಗೊಸ್ ಊರಿಗೆ ಆ ಹೆಸರೇ ಇವರಿಂದ ಬಂದದ್ದು, ಅಲ್ಲಿನ ಚರ್ಚು 1555ರದ್ದು.

ಗೋವಾದಲ್ಲಿ ಈಗಲೂ 6ನೇ ತಾರೀಕೇ. ಭಾನುವಾರ, ಸೋಮವಾರ ನೋಡುವುದಿಲ್ಲ. ಕಾನ್ಸಾವ್ಲಿಯ ಗುಡ್ಡಕ್ಕೆ ಒಂದು ವರ್ಷ ಹೋಗಿದ್ದೆ. ಮೂರು ಊರಿನಿಂದ ಮೂರು ಹುಡುಗರು, ತಲೆಗೆ ಕಿರೀಟ, ಮೈಗೆ ಮಖಮಲ್ಲಿನ ನಿಲುವಂಗಿ, ಕುದುರೆ ಮೇಲೆ ಕೂತು ಮೂರು ಬೇರೆ ಬೇರೆ ದಾರಿಯಲ್ಲಿ ಗುಡ್ಡದ ಮೇಲಿನ ಚಾಪೆಲ್ಲಿಗೆ ಬರುತ್ತಾರೆ. ನನ್ನ ಪಕ್ಕದಲ್ಲೇ ಹಾದುಹೋದ ರಾಯನಿಗೆ ಹತ್ತು ವರ್ಷ ಇರಬಹುದು. ಎರಡೂ ಕೈಯಲ್ಲಿ ಜೀನು ಗಟ್ಟಿಯಾಗಿ ಹಿಡಿದಿದ್ದ. ಕಿರೀಟ ಹುಬ್ಬಿನ ಮೇಲೆ ಜಾರಿತ್ತು, ಸರಿಮಾಡಲು ಕೈ ಬಿಡುವ ಧೈರ್ಯ ಇರಲಿಲ್ಲ. ಅವನ ಅಪ್ಪ ಕುದುರೆಯ ಪಕ್ಕದಲ್ಲಿ ನಡೆಯುತ್ತಾ ಕರ್ಚೀಫಿನಿಂದ ಅವನ ಬೆವರು ಒರೆಸುತ್ತಿದ್ದರು.

ಹಿಂದಿನ ಬೆಂಚು

1999ರಲ್ಲಿ ಬೆಳ್ತಂಗಡಿಗೇ ಸೀರೋ ಮಲಬಾರ್ ಧರ್ಮಪ್ರಾಂತ್ಯ ಆಯಿತು. ಆಮೇಲೆ 2007ರಲ್ಲಿ ಭದ್ರಾವತಿ, 2010ರಲ್ಲಿ ಮಂಡ್ಯ. ಅವರವರ ಬಿಷಪರು, ಅವರವರ ಪೂಜೆ, ಅವರವರ ಮಾತು. ಬೇಕಾಗಿದ್ದೇ. ಅರ್ಥವಾಗದ ಭಾಷೆಯಲ್ಲಿ ತುಟಿ ಆಡಿಸುತ್ತಾ ಇನ್ನೆಷ್ಟು ವರ್ಷ ಕೂರಬೇಕಿತ್ತು ಅಮ್ಮಚ್ಚಿ? ನಮ್ಮ ಊರಿಗೆ ಎರಡು ಮೈಲಿ ದೂರದಲ್ಲಿ ಅವರದೇ ಪಳ್ಳಿ ಎದ್ದಿತು. ನಮ್ಮ ಇಗರ್ಜಿಯ ಹಿಂದಿನ ಬೆಂಚು ಖಾಲಿಯಾಯಿತು. ಮೊದಮೊದಲು ಜನವರಿ 5ಕ್ಕೆ ಕರೆ ಬರುತ್ತಿತ್ತು. ಆಮೇಲೆ ಅಮ್ಮಚ್ಚಿ ತೀರಿಕೊಂಡರು, ಅಜ್ಜಿಯೂ. ಈಗ ಊರಿಗೆ ಹೋದಾಗ ಅವರ ಮನೆಯವರು ಸಿಕ್ಕರೆ ರಬ್ಬರ್ ರೇಟಿನ ಬಗ್ಗೆ ಮಾತಾಡುತ್ತೇವೆ.

ಬೆಂಗಳೂರಿನ ನಮ್ಮ ಚರ್ಚಿನ ಗೇಟಿನಲ್ಲಿ ಒಂದು ಬೋರ್ಡ್ ಇದೆ. ಬೆಳಿಗ್ಗೆ ಕನ್ನಡ, ಆಮೇಲೆ ಇಂಗ್ಲಿಷ್, ಆಮೇಲೆ ತಮಿಳು, ಮತ್ತೆ ಇಂಗ್ಲಿಷ್, ತಿಂಗಳಿಗೊಮ್ಮೆ ಕೊಂಕಣಿ. ಒಂದೇ ಕಟ್ಟಡ, ಒಂದೇ ಪೀಠ, ಆದರೆ ಒಂದು ಪೂಜೆಯವರಿಗೆ ಇನ್ನೊಂದು ಪೂಜೆಯವರು ಕಾಣುವುದು ಸ್ಕೂಟರ್ ತೆಗೆಯುವಾಗ ಮಾತ್ರ, ಅದೂ ಹಾರ್ನ್ ಹಾಕುತ್ತಾ. ಯಾವ ಭಾಷೆಗೆ ಯಾವ ಹೊತ್ತು ಅನ್ನುವುದರ ಮೇಲೆ ಈ ಊರಿನಲ್ಲಿ ನಡೆದ ಜಗಳಗಳನ್ನು ಇಲ್ಲಿ ಕೆದಕುವುದಿಲ್ಲ, ಓದುವವರಿಗೆ ಗೊತ್ತು. ನಾನು ಕನ್ನಡ ಪೂಜೆಗೆ ಹೋಗುತ್ತೇನೆ. ಹತ್ತು ವರ್ಷದಿಂದ ಹೋಗುತ್ತಿದ್ದರೂ ತಮಿಳು ಪೂಜೆಯವರು ರಾಯರ ಹಬ್ಬಕ್ಕೆ ಮನೆಯಲ್ಲಿ ಏನು ಮಾಡುತ್ತಾರೆ ಅಂತ ನನಗೆ ಗೊತ್ತಿಲ್ಲ. ಕೇಳಿಯೇ ಇಲ್ಲ. ತೋಡು ದಾಟಿ ಬಂದು ಕರೆಯುವವರು ಇಲ್ಲಿ ಯಾರೂ ಇಲ್ಲ, ನಾನೂ ಯಾರನ್ನೂ ಕರೆದಿಲ್ಲ.

1969ರಲ್ಲಿ ರೋಮಿನವರು ಪಂಚಾಂಗ ತಿದ್ದುವಾಗ, ಈ ಹಬ್ಬಕ್ಕೆ ಪೂಜೆ ಕಡ್ಡಾಯ ಅಲ್ಲದ ದೇಶಗಳಲ್ಲಿ ಜನವರಿ 2ರಿಂದ 8ರ ಒಳಗಿನ ಭಾನುವಾರಕ್ಕೆ ಇಟ್ಟುಕೊಳ್ಳಿ ಅಂದರು. ಜನ ಬರಲಿ ಅಂತ. ಬರುತ್ತಾರೆ ನಿಜ. ಆದರೆ ಭಾನುವಾರ ಹೇಗೂ ಬರುವವರೇ ಬರುತ್ತಾರೆ, ಬಂದವರಿಗೆ ಅವತ್ತು ಬೇರೆ ಏನೋ ಇದೆ ಅಂತ ಅನಿಸುವುದೇ ಇಲ್ಲ. ಕೈಗೆ ಕೆಲಸ ಇಲ್ಲ ನೋಡಿ. ರಾಯರನ್ನು ಡಿಸೆಂಬರ್ 24ರ ರಾತ್ರಿಯೇ ಗೋದಲಿಯಲ್ಲಿ ನಿಲ್ಲಿಸಿಬಿಟ್ಟರೆ 6ನೇ ತಾರೀಕಿಗೆ ಅವರಿಗೆ ಉಳಿದದ್ದೇನು? ಗೋದಲಿ ಸ್ಪರ್ಧೆಯ ತೀರ್ಪುಗಾರರು ಬಂದು ಹೋದರೆ ಮುಗಿಯಿತು. ಕೊಲೋನ್‌ನಲ್ಲಿ ನರ್ಸ್ ಆಗಿರುವ ಕಸಿನ್ ಮೊನ್ನೆ ಅವಳ ಬಾಗಿಲಿನ ಫೋಟೋ ಕಳಿಸಿದಳು. ರಾಯರ ವೇಷದ ಮಕ್ಕಳು ಬಂದು ಹಾಡಿ, ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಸಿ, ಎಂ, ಬಿ ಅಂತ ಬರೆದು, ಆ ಕಡೆ ಈ ಕಡೆ ಇಸವಿ ಹಾಕಿ, ಡಬ್ಬಿಗೆ ದುಡ್ಡು ಹಾಕಿಸಿಕೊಂಡು ಹೋದರಂತೆ. ಕ್ರಿಸ್ತ ಈ ಮನೆಯನ್ನು ಹರಸಲಿ ಅನ್ನುವ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅವು, ಗಾಸ್ಪರನನ್ನು ಕಾಸ್ಪರ್ ಅಂದರೆ ಮೂವರು ರಾಯರ ಹೆಸರಿನವೂ ಹೌದು. ದುಡ್ಡು ಬೇರೆ ದೇಶದ ಬಡ ಮಕ್ಕಳಿಗೆ. 1959ರಿಂದ ದೇಶದಾದ್ಯಂತ ಹೀಗೆ ಸೇರಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಗಿಲ ಮೇಲೆ ಬರೆದರೆ ಅಸೋಸಿಯೇಷನ್‌ನವರು ದಂಡ ಹಾಕುತ್ತಾರೆ ಅಂತ ಬರೆದೆ. ಒರೆಸಿದರೆ ಹೋಗುತ್ತದೆ ಕಣೇ, ಸೀಮೆಸುಣ್ಣ, ಅಂತ ಉತ್ತರ ಬಂತು.

ಆ ಭಾನುವಾರಕ್ಕೆ ವಾಪಸು ಬರುತ್ತೇನೆ. ನಾನು ಪೆಟ್ಟಿಗೆಯ ಹತ್ತಿರ ನಿಂತಿದ್ದಾಗ ಇನ್ನೊಬ್ಬರು ಬಂದು ನಿಂತರು. ಕನ್ನಡ ಪೂಜೆಗೆ ದಿನಾ ಬರುವವರು, ಮುಖ ಗೊತ್ತು, ಮಾತಾಡಿಸಿದ್ದಿಲ್ಲ. ಹಾಸನದ ಕಡೆಯವರಂತೆ. "ಏನಕ್ಕ ಇದು, ನಮ್ಮೂರಲ್ಲಿ ರಾಜರ ಹಬ್ಬ ಆಗೋವರೆಗೂ ಗೋದಲಿ ಮುಟ್ಟಂಗಿಲ್ಲ" ಅಂದರು. ನಾನು ಹೌದು ಅಂದೆ. ಅವರು ಆ ಕಡೆ ಈ ಕಡೆ ನೋಡಿ ಪೇಪರ್ ಸರಿಸಿಯೇಬಿಟ್ಟರು. ಮೂವರೂ ಇದ್ದರು. ಪ್ಲಾಸ್ಟರಿನವು, ಮೊಣಕೈಯಷ್ಟು ಎತ್ತರ, ಭಾರ. ನಾನು ಇಬ್ಬರನ್ನು ಎತ್ತಿಕೊಂಡೆ, ಅವರು ಒಬ್ಬನನ್ನೂ ಒಂಟೆಯನ್ನೂ. ಪೀಠದ ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ಬಂದೆವು. ಮಗು ಎಲ್ಲಿದೆಯೋ ಹುಡುಕಲು ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ಇಂಗ್ಲಿಷ್ ಪೂಜೆಯವರು ಒಳಗೆ ಬರತೊಡಗಿದ್ದರು, ಪೀಠ ಸಿದ್ಧ ಮಾಡುವವರು "ಅಮ್ಮಾ, ಜಾಗ ಬಿಡಿ" ಅಂದರು. ಹೊರಗೆ ಹೋಗುವಾಗ ತಿರುಗಿ ನೋಡಿದೆ. ಒಂದು ಸಣ್ಣ ಹುಡುಗಿ ಒಂಟೆಯ ಬೆನ್ನು ಸವರುತ್ತಾ ಇತ್ತು, ಅದರ ಅಮ್ಮ ಮುಟ್ಟಬೇಡ ಅನ್ನುತ್ತಿದ್ದರು.

ಅವತ್ತು ಮನೆಗೆ ಬಂದವಳೇ ನಮ್ಮ ಗೋದಲಿಯ ರಾಯರನ್ನು ಎತ್ತಿ ಮೂಡಣದ ಕಿಟಕಿಗೆ ಇಟ್ಟೆ. ಎರಡು ಬೆಡ್‌ರೂಮಿನ ಫ್ಲಾಟು, ಕಿಟಕಿಯಿಂದ ಗೋದಲಿಗೆ ನಡುವೆ ಇರುವುದು ಶೂ ರ‍್ಯಾಕ್, ಫ್ರಿಡ್ಜು, ಟಿವಿ. ಎರಡೇ ದಿನದಲ್ಲಿ ಮುಟ್ಟಿಸಬೇಕು ಅಂತ ಮಗಳಿಗೆ ಒಪ್ಪಿಸಿದೆ. ಮರುದಿನ ಅವಳಿಗೆ ಸ್ಕೂಲ್ ಶುರುವಾಯಿತು, ಮರೆತಳು. 6ರಂದು ನಾನು ಆಫೀಸಿನಿಂದ ಬಂದದ್ದೇ ರಾತ್ರಿ ಒಂಬತ್ತಕ್ಕೆ. ಊರಿನಿಂದ ಮಮ್ಮಿ ಫೋನ್ ಮಾಡಿ ಗೋದಲಿ ತೆಗೆದ್ಯಾ ಅಂತ ಕೇಳಿದರು. ಇಲ್ಲ, ರಾಯರು ಇನ್ನೂ ಬಂದಿಲ್ಲ ಅಂದೆ. ಹಾಗಾದ್ರೆ ತೆಗೀಬೇಡ, ಅಂದರು.

ಇವತ್ತು 11. ಇದನ್ನು ಬರೆಯುತ್ತಾ ಕೂತಿರುವಾಗ ಎದುರಿಗೇ ಕಾಣುತ್ತಿದೆ. ಇಬ್ಬರು ಟಿವಿ ಹತ್ತಿರ ಮುಟ್ಟಿದ್ದಾರೆ. ಕಪ್ಪು ರಾಯ ಇನ್ನೂ ಫ್ರಿಡ್ಜಿನ ಮೇಲೆ, ಹಾಲಿನ ಕೂಪನ್ನುಗಳ ಪಕ್ಕ. ಮೊಸರು ಡಬ್ಬದಲ್ಲಿ ಬಿತ್ತಿದ್ದ ರಾಗಿ ಪೂರ್ತಿ ಹಳದಿಯಾಗಿ ಮಗುವಿನ ಮೇಲೆ ಬಾಗಿದೆ. ಅದನ್ನು ಹಾಕಲು ಇಲ್ಲಿ ದನ ಎಲ್ಲಿ ಸಿಗುತ್ತದೆ ಅಂತ ವಾಚ್‌ಮ್ಯಾನ್‌ನನ್ನು ಕೇಳಬೇಕು.